ಇನ್ನೂರು ಮೀಟರ್ ಎಂಬ ಮಾತಿನ ಬೆಲೆ: ಡೈವ್ ವಾಚ್ ಖರೀದಿಯ ಬಗ್ಗೆ ಲೆಕ್ಕಪರಿಶೋಧಕನೊಬ್ಬನ ಅಭಿಪ್ರಾಯ

ನಮ್ಮ ಮಂಡಳಿಯ ಮಾಸಿಕ ಸಭೆ ಮುಗಿದು ಎಲ್ಲರೂ ಚಹಾ ಸೇವಿಸುತ್ತಿದ್ದಾಗ, ಯಂತ್ರದ ಬಿಡಿಭಾಗಗಳ ಸಗಟು ವ್ಯಾಪಾರ ನಡೆಸುವ ಹಿರಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಹೀಗೆ ಪಕ್ಕಕ್ಕೆ ಕರೆದರೆಂದರೆ ತೆರಿಗೆ ಇಲಾಖೆಯ ನೋಟಿಸು ಬಂದಿದೆ ಎಂದೇ ಅರ್ಥವೆಂದು ಮೂವತ್ತು ವರ್ಷಗಳ ವೃತ್ತಿಜೀವನ ನನಗೆ ಕಲಿಸಿದೆ. ಆದರೆ ಅವರು ಕೇಳಿದ್ದೇ ಬೇರೆ. "ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ. ಆಟೋಮ್ಯಾಟಿಕ್ ಡೈವ್ ವಾಚ್ ಬೇಕೆಂದು ಹಟ ಹಿಡಿದಿದ್ದಾನೆ. ಸ್ವಿಸ್ ಗಡಿಯಾರ ನಮ್ಮ ಕೈಗೆಟುಕುವುದಲ್ಲ. ಮೂವತ್ತು ಸಾವಿರದ ಆಸುಪಾಸಿನಲ್ಲಿ ಯಾವುದು ಒಳ್ಳೆಯದು? ನಿಮ್ಮ ಕೈಯಲ್ಲಿ ಅಂಥದೇ ಒಂದನ್ನು ಕಂಡೆ, ಅದಕ್ಕೇ ಕೇಳಿದೆ" ಎಂದರು.

ಅಂದು ಅವರಿಗೆ ಐದು ನಿಮಿಷದಲ್ಲಿ ಹೇಳಿದ ಉತ್ತರ ನನಗೇ ಸಮಾಧಾನ ತರಲಿಲ್ಲ. ವಾಣಿಜ್ಯ ಪತ್ರಿಕೆಯಲ್ಲಿ ಕೈಗಡಿಯಾರದ ವಿಚಾರವೇಕೆ ಎಂದು ವಾಚಕ ಬಂಧುಗಳು ಹುಬ್ಬೇರಿಸಬಹುದು. ಸರಕನ್ನು ತಯಾರಿಸುವವರಿಗೂ ಮಾರುವವರಿಗೂ ಈ ಚಿಕ್ಕ ಯಂತ್ರದಲ್ಲಿ ತಿಳಿಯತಕ್ಕ ಸಂಗತಿಯೊಂದಿದೆ. ಅದನ್ನು ನಾನು ಎರಡು ಸಲ ನಷ್ಟ ತೆತ್ತು ತಿಳಿದುಕೊಂಡೆ. ಒಂದು ನಷ್ಟ ನನ್ನದು, ಇನ್ನೊಂದು ನನ್ನ ಸಲಹೆಯನ್ನು ನಂಬಿದವರದು.

ಮೊದಲಿಗೆ ವಸ್ತುವಿನ ಪರಿಚಯ. ನೀರಿನಲ್ಲಿ ಮುಳುಗುವವರಿಗೆಂದೇ ರೂಪಿತವಾದ ಆಧುನಿಕ ಕೈಗಡಿಯಾರ ಹುಟ್ಟಿದ್ದು 1950ರ ದಶಕದಲ್ಲಿ. ಫ್ರಾನ್ಸಿನ ನೌಕಾಪಡೆಯ ಮುಳುಗು ಯೋಧರಿಗಾಗಿ ಬ್ಲಾಂಕ್‌ಪೇನ್ ಸಂಸ್ಥೆಯು ಫಿಫ್ಟಿ ಫ್ಯಾದಮ್ಸ್ ಎಂಬ ಗಡಿಯಾರವನ್ನು 1953ರಲ್ಲಿ ಸಿದ್ಧಪಡಿಸಿತು. ಬಹುತೇಕ ಅದೇ ಕಾಲಕ್ಕೆ ರೋಲೆಕ್ಸ್ ಸಂಸ್ಥೆಯ ಸಬ್‌ಮರೀನರ್ ಬಂತು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗಿದವನಿಗೆ ಇನ್ನೆಷ್ಟು ನಿಮಿಷದ ಗಾಳಿ ಉಳಿದಿದೆ ಎಂಬುದು ಜೀವನ್ಮರಣದ ಪ್ರಶ್ನೆ. ಕತ್ತಲಲ್ಲಿ ಹೊಳೆಯುವ ಮುಳ್ಳುಗಳು, ತಿರುಪಿ ಬಿಗಿಯುವ ಕ್ರೌನ್, ಗಾಜಿನ ಸುತ್ತ ತಿರುಗುವ ಅಂಕಿತ ಬಳೆ, ಇವೆಲ್ಲ ಅಲಂಕಾರಕ್ಕಾಗಿ ಬಂದವಲ್ಲ. ಜಪಾನಿನ ಸೈಕೊ ಸಂಸ್ಥೆ 1965ರಲ್ಲಿ 150 ಮೀಟರ್ ಸಾಮರ್ಥ್ಯದ ತನ್ನ ಮೊದಲ ಡೈವ್ ವಾಚನ್ನು ಹೊರತಂದಿತು. ಶ್ರೀಮಂತರ ಮತ್ತು ಸೈನಿಕರ ಈ ಸಾಧನವು ಸಾಮಾನ್ಯ ನೌಕರನ ಮಣಿಕಟ್ಟಿಗೆ ಇಳಿದು ಬಂದದ್ದು ಮುಖ್ಯವಾಗಿ ಜಪಾನೀಯರಿಂದಲೇ ಎಂಬುದು ನನ್ನ ಅಭಿಪ್ರಾಯ.

ಜಪಾನಿನ ಗಡಿಯಾರ ಕೌಶಲ್ಯ ನಮ್ಮ ನಾಡಿಗೂ ಅಪರಿಚಿತವಲ್ಲ. 1961ರಲ್ಲಿ ಸಿಟಿಜನ್ ಸಂಸ್ಥೆಯ ಸಹಯೋಗದಿಂದಲೇ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ನನ್ನ ತಂದೆಯವರ ಕೈಯಲ್ಲಿದ್ದ ಜನತಾ ಗಡಿಯಾರಕ್ಕೆ ಪ್ರತಿದಿನ ಬೆಳಗಿನ ಸಂಧ್ಯಾವಂದನೆಯ ನಂತರ ಕೀಲಿ ಕೊಡುವುದು ನಮ್ಮ ಮನೆಯ ನಿತ್ಯವಿಧಿಗಳಲ್ಲೊಂದಾಗಿತ್ತು. 1980ರ ದಶಕದಲ್ಲಿ ಟೈಟಾನ್ ಸಂಸ್ಥೆಯು ಕ್ವಾರ್ಟ್ಜ್ ಗಡಿಯಾರಗಳೊಂದಿಗೆ ಬಂದ ಮೇಲೆ ಕೀಲಿಯ ಗಡಿಯಾರ ಹಿಂದೆ ಸರಿಯಿತು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಆ ಅಧ್ಯಾಯದ ಬಗ್ಗೆ ಬರೆಯಲು ಕುಳಿತರೆ ಈ ಸಂಚಿಕೆಯೇ ಸಾಲದು, ಬಿಡೋಣ.

ಆಟೋಮ್ಯಾಟಿಕ್ ಎಂದರೆ ಬ್ಯಾಟರಿಯಿಂದ ನಡೆಯುವಂಥದ್ದಲ್ಲ ಎಂಬುದನ್ನು ಸ್ಪಷ್ಟಪಡಿಸುವುದು ಅಗತ್ಯ, ಏಕೆಂದರೆ ಅನೇಕರು ಹಾಗೆಂದೇ ತಿಳಿದಿದ್ದಾರೆ. ಒಳಗೆ ಅರ್ಧಚಂದ್ರಾಕಾರದ ಲೋಹದ ತೂಕವೊಂದು ಕೈಯ ಚಲನೆಗೆ ತಕ್ಕಂತೆ ತಿರುಗಿ ಸುರುಳಿ ಸ್ಪ್ರಿಂಗನ್ನು ಬಿಗಿಯುತ್ತದೆ. ಪೂರ್ತಿ ಬಿಗಿದ ಗಡಿಯಾರವನ್ನು ತೆಗೆದಿಟ್ಟರೆ ಈ ಬೆಲೆಯ ಮಾದರಿಗಳು ಸಾಮಾನ್ಯವಾಗಿ 40 ಗಂಟೆಗಳ ಆಸುಪಾಸು ನಡೆದು ನಿಲ್ಲುತ್ತವೆ. ಶನಿವಾರ ಮಧ್ಯಾಹ್ನ ಬಿಚ್ಚಿಟ್ಟವರು ಸೋಮವಾರ ಮತ್ತೆ ಸಮಯ ಹೊಂದಿಸಿಕೊಳ್ಳಬೇಕಾಗುತ್ತದೆ.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ಗಡಿಯಾರಗಳು ಪಕ್ಕಪಕ್ಕದಲ್ಲಿವೆ ಎಂದುಕೊಳ್ಳಿ. ಎರಡೂ ಉಕ್ಕಿನವು, ಎರಡಕ್ಕೂ ತಿರುಗುವ ಬಳೆಯಿದೆ. ಒಂದರ ಮುಖದ ಮೇಲೆ "ವಾಟರ್ ರೆಸಿಸ್ಟ್ 200 ಮೀಟರ್" ಎಂದಿದೆ, ಇನ್ನೊಂದರ ಮೇಲೆ "ಡೈವರ್ಸ್ 200 ಮೀಟರ್" ಎಂದಿದೆ. ಹತ್ತರಲ್ಲಿ ಒಂಬತ್ತು ಮಂದಿ ಗ್ರಾಹಕರು ಅಂಕಿಯನ್ನು ಓದಿ ಎರಡೂ ಒಂದೇ ಎಂದು ಭಾವಿಸುತ್ತಾರೆ. ಮಾರುವ ಹುಡುಗನೂ ಹಾಗೆಯೇ ಹೇಳುತ್ತಾನೆ. ವಾಸ್ತವದಲ್ಲಿ ಅಂಕಿಗಿಂತ ಅದರ ಹಿಂದಿನ ಪದಕ್ಕೇ ಹೆಚ್ಚಿನ ಬೆಲೆ.

ಸಾಮಾನ್ಯ ಜಲನಿರೋಧಕ ಗಡಿಯಾರಗಳಿಗೆ ಐಎಸ್ಒ 22810 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರಂತೆ ತಯಾರಕನು ಒಂದು ತಂಡದಿಂದ ಕೆಲವು ಮಾದರಿಗಳನ್ನು ಆರಿಸಿ ಪರೀಕ್ಷಿಸಿದರೆ ಸಾಕು. ಮುಳುಗುವವರ ಗಡಿಯಾರಗಳಿಗೆ ಇರುವುದು ಐಎಸ್ಒ 6425. ಇದು 1982ರಲ್ಲಿ ಮೊದಲು ಪ್ರಕಟವಾಗಿ 1996 ಮತ್ತು 2018ರಲ್ಲಿ ಪರಿಷ್ಕೃತವಾಯಿತು. ಇದನ್ನು ಅನುಸರಿಸುವ ತಯಾರಕನು ಹೊರಬರುವ ಪ್ರತಿಯೊಂದು ಗಡಿಯಾರವನ್ನೂ ನೀರಿನ ಒತ್ತಡಕ್ಕೆ ಒಳಪಡಿಸಬೇಕು. ಅದೂ ಮುಖದ ಮೇಲೆ ಬರೆದುಕೊಂಡ ಆಳಕ್ಕಿಂತ ಕಾಲು ಭಾಗ ಹೆಚ್ಚಿನ ಒತ್ತಡಕ್ಕೆ. ಇನ್ನೂರು ಮೀಟರ್ ಎಂದು ಬರೆದವನು ಇನ್ನೂರ ಐವತ್ತು ಮೀಟರಿಗೆ ಸಮನಾದ ಒತ್ತಡದಲ್ಲಿ, ಅಂದರೆ ಸುಮಾರು 25 ಬಾರ್‌ನಲ್ಲಿ, ಎರಡು ಗಂಟೆ ಇಟ್ಟು ತೋರಿಸಬೇಕು. ನಮ್ಮ ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡದ ಹತ್ತು ಪಟ್ಟಿಗೂ ಮಿಕ್ಕ ಪ್ರಮಾಣವಿದು. ತರುವಾಯ ಗಡಿಯಾರವನ್ನು ಬಿಸಿ ತಟ್ಟೆಯ ಮೇಲಿಟ್ಟು, ಗಾಜಿನ ಮೇಲೆ ತಣ್ಣೀರಿನ ಹನಿಯೊಂದನ್ನು ಬಿಟ್ಟು, ಒಂದು ನಿಮಿಷದ ನಂತರ ಒರೆಸಿ ನೋಡುತ್ತಾರೆ. ಒಳಗೆ ಮಂಜು ಕಟ್ಟಿದ್ದರೆ ತೇವ ಹೊಕ್ಕಿದೆ ಎಂದರ್ಥ, ಆ ಗಡಿಯಾರ ತಿರಸ್ಕೃತ. ಇಷ್ಟು ಸರಳವಾದ, ಇಷ್ಟು ಕಟ್ಟುನಿಟ್ಟಾದ ಪರೀಕ್ಷೆಯನ್ನು ಯಾವ ಉದ್ಯಮದಲ್ಲೂ ಮೆಚ್ಚಬೇಕಾದದ್ದೇ. ಇದಲ್ಲದೆ ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಕಾಣಿಸಬೇಕು, ಕಾಂತಕ್ಕೂ ಆಘಾತಕ್ಕೂ ಉಪ್ಪುನೀರಿಗೂ ಜಗ್ಗಬಾರದು ಎಂಬ ನಿಬಂಧನೆಗಳಿವೆ.

ಈ ಮಾನಕವನ್ನು ಅನುಸರಿಸಬೇಕೆಂಬ ಕಡ್ಡಾಯವೇನೂ ಇಲ್ಲ. ಅನುಸರಿಸದ ಗಡಿಯಾರ ಕಳಪೆಯೆಂದೂ ನಾನು ಹೇಳುತ್ತಿಲ್ಲ. ಒಂದೊಂದನ್ನೂ ಪರೀಕ್ಷಿಸಲು ಯಂತ್ರ ಬೇಕು, ಸಮಯ ಬೇಕು, ಆಳು ಬೇಕು, ತಿರಸ್ಕೃತವಾದ ಸರಕಿನ ನಷ್ಟವನ್ನು ಹೊರುವ ಎದೆಗಾರಿಕೆಯೂ ಬೇಕು. ಆ ವೆಚ್ಚವನ್ನು ಹೊತ್ತವನಿಗೆ ಮಾತ್ರ "ಡೈವರ್ಸ್" ಎಂಬ ಪದವನ್ನು ಬರೆದುಕೊಳ್ಳುವ ಹಕ್ಕು. ಆದ್ದರಿಂದ ಅದು ವಿಶೇಷಣವಲ್ಲ, ವಾಗ್ದಾನ.

ಈ ವ್ಯತ್ಯಾಸವನ್ನು ಅರಿಯದೆ ನಾನು ಪಟ್ಟ ಪಾಡನ್ನು ಸಂಕೋಚದಿಂದಲೇ ನಿವೇದಿಸುತ್ತೇನೆ. ಸುಮಾರು ಹತ್ತು ವರ್ಷಗಳ ಹಿಂದೆ, ಕೊಲ್ಲಿ ದೇಶದಿಂದ ಆಗಾಗ ಬಂದುಹೋಗುವ ಪರಿಚಿತರೊಬ್ಬರಿಂದ ಹದಿನಾಲ್ಕು ಸಾವಿರ ರೂಪಾಯಿ ನಗದಾಗಿ ಕೊಟ್ಟು ಡೈವ್ ವಾಚೊಂದನ್ನು ಕೊಂಡೆ. ಮುಖದ ಮೇಲೆ ಇನ್ನೂರು ಮೀಟರ್ ಎಂದು ದಪ್ಪ ಅಕ್ಷರದಲ್ಲಿತ್ತು. ರಸೀದಿ ಇರಲಿಲ್ಲ, ಖಾತರಿ ಪತ್ರದಲ್ಲಿ ಅಂಗಡಿಯ ಮೊಹರೂ ಇರಲಿಲ್ಲ. ಎದುರಿಗೆ ಕುಳಿತ ವ್ಯಾಪಾರಿಯನ್ನು ಮುನ್ನೂರು ರೂಪಾಯಿಯ ಖರ್ಚಿಗೂ ವೋಚರ್ ಎಲ್ಲಿ ಎಂದು ಗದರಿಸುವ ವೃತ್ತಿ ನನ್ನದು. ಅಂಥವನು ಹದಿನಾಲ್ಕು ಸಾವಿರಕ್ಕೆ ಒಂದು ಚೂರು ಕಾಗದವಿಲ್ಲದೆ ಕೈಚಾಚಿದ್ದನ್ನು ನನ್ನ ಗುಮಾಸ್ತರು ಇಂದಿಗೂ ಮರೆತಿಲ್ಲ.

ಮುರುಡೇಶ್ವರಕ್ಕೆ ಕುಟುಂಬ ಸಮೇತ ಹೋಗಿದ್ದೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು ಸಮುದ್ರದಲ್ಲಿ ಮುಳುಗಿಸಿ ತೋರಿಸುತ್ತಾರೆ ಎಂಬುದನ್ನು ವಾಚಕರು ಬಲ್ಲರು. ನನ್ನ ಮಗಳು ಮುಳುಗಿದಳು. ನಾನು ಹಗ್ಗ ಹಿಡಿದು ದೋಣಿಯ ಪಕ್ಕದಲ್ಲಿ ತೇಲಿದೆ ಅಷ್ಟೆ. ಹೆಚ್ಚೆಂದರೆ ಒಂದು ಮೀಟರ್ ಆಳ. ಮರುದಿನ ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿತ್ತು, ಮೂರನೆಯ ದಿನ ಸೆಕೆಂಡಿನ ಮುಳ್ಳು ನಿಂತಿತು.

ಊರಿಗೆ ಬಂದು ಹಳೆ ಪೇಟೆಯಲ್ಲಿ ನಲವತ್ತು ವರ್ಷಗಳಿಂದ ಗಡಿಯಾರ ರಿಪೇರಿ ಮಾಡುವವರೊಬ್ಬರ ಬಳಿಗೆ ಒಯ್ದೆ. ಅವರು ಹಿಂಬದಿಯ ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ನೋಡಿ, ಚಿಮಟದಿಂದ ಕೂದಲೆಳೆಯಂಥ ಒಂದು ರಬ್ಬರ್ ಉಂಗುರವನ್ನು ಎತ್ತಿ ತೋರಿಸಿದರು. ಅದು ಒಂದು ಕಡೆ ಚಪ್ಪಟೆಯಾಗಿ ಬಿರುಕು ಬಿಟ್ಟಿತ್ತು. "ಒಳಗಿನ ಯಂತ್ರ ಅಸಲಿಯೇ ಸ್ವಾಮಿ. ಕವಚ ಯಾರೋ ಜೋಡಿಸಿದ್ದು. ಎರಡು ರೂಪಾಯಿಯ ಉಂಗುರ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಒಬ್ಬರೂ ನೀರಿಗೆ ಅದ್ದಿ ನೋಡಿಲ್ಲ" ಎಂದರು. ತುಕ್ಕು ಹಿಡಿದ ಯಂತ್ರವನ್ನು ಸರಿಪಡಿಸುವ ಖರ್ಚು ಮಾಲಿನ ಬೆಲೆಯ ಸನಿಹಕ್ಕೆ ಬಂತು. ಯಾರ ಮೇಲೆ ದೂರು ಕೊಡುವುದು, ಯಾವ ದಾಖಲೆಯ ಆಧಾರದ ಮೇಲೆ? ಆ ನಷ್ಟವನ್ನು ಮನಸ್ಸಿನ ಖಾತೆಯಲ್ಲೇ ವಜಾ ಹಾಕಿದೆ.

ಆದರೆ "ಒಬ್ಬರೂ ನೀರಿಗೆ ಅದ್ದಿ ನೋಡಿಲ್ಲ" ಎಂಬ ಆ ಮಾತು ನನ್ನನ್ನು ಬೇರೊಂದು ಕಾರಣಕ್ಕಾಗಿ ಚುಚ್ಚಿತು. ಬೆಂಗಳೂರಿನ ಪೀಣ್ಯದಲ್ಲಿ ನನ್ನ ಕಕ್ಷಿದಾರರೊಬ್ಬರ ಸಣ್ಣ ಘಟಕವಿದೆ. ಪಂಪುಗಳಿಗೆ ಬೇಕಾಗುವ ಚಿಕ್ಕ ವಾಲ್ವುಗಳನ್ನು ರಬ್ಬರ್ ಉಂಗುರ ಸಹಿತ ಜೋಡಿಸಿ ಕೊಡುವ ಕೆಲಸ. ಆಗ ಇಪ್ಪತ್ತೆರಡು ಮಂದಿ ದುಡಿಯುತ್ತಿದ್ದರು. 2011ರಲ್ಲಿ ಅವರ ದೊಡ್ಡ ಗಿರಾಕಿಯು, ಪ್ರತಿ ವಾಲ್ವನ್ನೂ ಒತ್ತಡದಲ್ಲಿ ಪರೀಕ್ಷಿಸಿ ಕಳುಹಿಸಿದರೆ ಒಳಿತು ಎಂದು ಸೂಚಿಸಿದ್ದನು. ಅದಕ್ಕಾಗಿ ಹೆಚ್ಚಿನ ದರ ಕೊಡುವ ಮಾತೇನೂ ಇರಲಿಲ್ಲ. ಪರೀಕ್ಷಾ ಯಂತ್ರಕ್ಕೆ ಆರು ಲಕ್ಷ ರೂಪಾಯಿ. ಕಕ್ಷಿದಾರರು ನನ್ನ ಅಭಿಪ್ರಾಯ ಕೇಳಿದರು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಆದಾಯ ತಾರದ ಆಸ್ತಿ, ಬಡ್ಡಿ, ಸವಕಳಿ, ಒಬ್ಬ ಹೆಚ್ಚುವರಿ ಆಳಿನ ಸಂಬಳ. ನೂರಕ್ಕೆ ಐದನ್ನು ಆರಿಸಿ ಪರೀಕ್ಷಿಸಿದರೆ ಸಾಕು, ಈ ವೆಚ್ಚ ಅನುತ್ಪಾದಕ ಎಂದು ಷರಾ ಬರೆದುಕೊಟ್ಟೆ. ಅವರು ನನ್ನ ಮಾತನ್ನು ಕೇಳಿದರು.

ಎರಡು ವರ್ಷಗಳ ನಂತರ ನಾಲ್ಕು ಸಾವಿರ ವಾಲ್ವುಗಳ ಒಂದು ರವಾನೆ ಪೂರ್ತಿಯಾಗಿ ಹಿಂದಿರುಗಿ ಬಂತು. ಪರೀಕ್ಷೆಗೆಂದು ಮಾದರಿಗಳನ್ನು ತೆಗೆದದ್ದು ತಯಾರಿಕೆಯ ಮೊದಲ ದಿನ. ಉಂಗುರದ ಅಚ್ಚಿನ ಹದಿನಾರು ಗುಳಿಗಳಲ್ಲಿ ಒಂದು ಸವೆದು ಹೋದದ್ದು ಮೂರನೆಯ ದಿನ. ಮಾದರಿಗಳೆಲ್ಲವೂ ಉತ್ತೀರ್ಣ, ಕಾಗದಪತ್ರಗಳೆಲ್ಲವೂ ಸಮರ್ಪಕ, ಸರಕು ಮಾತ್ರ ಸೋರುತ್ತಿತ್ತು. ಸಾಗಾಣಿಕೆಯ ವೆಚ್ಚ, ಗಿರಾಕಿಯ ಡೆಬಿಟ್ ನೋಟು, ಬ್ಯಾಂಕಿನ ದುಡಿಯುವ ಬಂಡವಾಳದ ಮಿತಿ ಮೀರಿದ್ದು, ಎಲ್ಲ ಸೇರಿ ಆ ವರ್ಷ ಒಂಬತ್ತು ಮಂದಿ ಕೆಲಸಗಾರರನ್ನು ಮನೆಗೆ ಕಳುಹಿಸಬೇಕಾಯಿತು. ಅವರಲ್ಲಿ ಕೆಲವರನ್ನು ನಾನು ಬಲ್ಲೆ. ನನ್ನ ಲೆಕ್ಕದಲ್ಲಿ ಕೂಡುವ ತಪ್ಪೇನೂ ಇರಲಿಲ್ಲ. ಹಿಂದಿರುಗಿ ಬರುವ ಲಾರಿಗೆ ಮಾತ್ರ ಅದರಲ್ಲಿ ಒಂದು ಸಾಲು ಇರಲಿಲ್ಲ.

ಮುರುಡೇಶ್ವರದ ಘಟನೆಯಾದದ್ದು ಇದರ ನಂತರ. ರಿಪೇರಿಯವರ ಮೇಜಿನ ಮೇಲೆ ಆ ಉಂಗುರವನ್ನು ಕಂಡಾಗ, ನನ್ನದೇ ಷರಾ ನನಗೆ ಬಡ್ಡಿಸಮೇತ ಹಿಂದಿರುಗಿ ಬಂದಂತಾಯಿತು. ಪ್ರತಿಯೊಂದನ್ನೂ ಪರೀಕ್ಷಿಸುವುದು ಎಲ್ಲ ಸರಕಿಗೂ ಸಾಧ್ಯವಲ್ಲ, ಅಗತ್ಯವೂ ಅಲ್ಲ. ಬೆಂಕಿಕಡ್ಡಿಯನ್ನು ಗೀರಿ ನೋಡಿ ಮಾರಲಾಗದು. ಆದರೆ ಸೋರಿದರೆ ಇನ್ನೊಬ್ಬನ ಯಂತ್ರ ಕೆಡುವಂಥ, ಉಸಿರು ನಿಲ್ಲುವಂಥ ವಸ್ತುವಿನ ಮೇಲೆ ಒಂದು ಅಂಕಿಯನ್ನು ಮುದ್ರಿಸುವಾಗ, ಈ ಅಂಕಿಯನ್ನು ನಾವು ಅಳೆದಿದ್ದೇವೆಯೋ, ಪಕ್ಕದ ತಯಾರಕನ ಡಬ್ಬಿಯನ್ನು ನೋಡಿ ಬರೆದಿದ್ದೇವೆಯೋ ಎಂದು ನಮ್ಮ ಸಣ್ಣ ಉದ್ಯಮಿಗಳು ಕೇಳಿಕೊಳ್ಳಬೇಕು. ಎರಡನೆಯ ರೀತಿಯ ಅಂಕಿಗಳನ್ನು ನಾನು ಕಾರ್ಖಾನೆಗಳಲ್ಲಿ ಧಾರಾಳವಾಗಿ ಕಂಡಿದ್ದೇನೆ.

ಡೈವ್ ವಾಚಿನಲ್ಲಿ ಲೆಕ್ಕಿಗನಾದ ನನಗೆ ಅತ್ಯಂತ ಪ್ರಿಯವಾದದ್ದು ಗಾಜಿನ ಸುತ್ತಲಿನ ಬಳೆ. ಮುಳುಗುವವನು ನೀರಿಗಿಳಿಯುವಾಗ ಬಳೆಯ ಮೇಲಿನ ಸೊನ್ನೆಯ ಗುರುತನ್ನು ನಿಮಿಷದ ಮುಳ್ಳಿಗೆ ಸರಿಹೊಂದಿಸುತ್ತಾನೆ. ತರುವಾಯ ಮುಳ್ಳು ಎಲ್ಲಿದೆಯೋ ಅಲ್ಲಿನ ಅಂಕಿಯೇ ಕಳೆದ ನಿಮಿಷಗಳು. ಈ ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ, ಬಲಕ್ಕೆ ಎಷ್ಟು ಒತ್ತಿದರೂ ಅಲುಗದು. ಬಂಡೆಗೆ ತಾಗಿ ಆಕಸ್ಮಿಕವಾಗಿ ತಿರುಗಿತೆನ್ನಿ, ಆಗ ಕಳೆದ ಸಮಯ ಇದ್ದದ್ದಕ್ಕಿಂತ ಹೆಚ್ಚಾಗಿ ತೋರುತ್ತದೆಯೇ ಹೊರತು ಎಂದಿಗೂ ಕಡಿಮೆಯಾಗಿ ತೋರುವುದಿಲ್ಲ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ತಡವಾಗಿ ಅಲ್ಲ. ಬರಬಹುದಾದ ನಷ್ಟಕ್ಕೆ ಮುಂಚೆಯೇ ಅವಕಾಶ ಕಲ್ಪಿಸು, ಕೈಗೆ ಬಾರದ ಲಾಭವನ್ನು ಎಣಿಸಬೇಡ ಎಂದು ಬಿ.ಕಾಂ. ಮೊದಲ ವರ್ಷದಲ್ಲಿ ನಮಗೆ ಬೋಧಿಸಿದ ವಿವೇಕದ ತತ್ತ್ವವನ್ನು ಉಕ್ಕಿನಲ್ಲಿ ಕೆತ್ತಿದರೆ ಹೀಗೆಯೇ ಇರುತ್ತದೆ. ನನ್ನ ಕಚೇರಿಗೆ ತರಬೇತಿಗೆ ಬರುವ ಹುಡುಗರಿಗೆ ಈಗ ಅದನ್ನು ಕೈಗಡಿಯಾರ ಬಿಚ್ಚಿ ತೋರಿಸಿಯೇ ವಿವರಿಸುತ್ತೇನೆ.

ಇನ್ನು ಖರೀದಿಯ ವಿಚಾರ. ಮೂವತ್ತು ಸಾವಿರದ ಆಸುಪಾಸಿನಲ್ಲಿ ಮತ್ತು ಅದಕ್ಕಿಂತ ತುಸು ಮೇಲೆ ನೋಡತಕ್ಕವು ಜಪಾನಿನ ಮೂರು ಸಂಸ್ಥೆಗಳ ಗಡಿಯಾರಗಳು. ಬೆಲೆಗಳು ಆಗಾಗ ಬದಲಾಗುವುದರಿಂದ ಅವನ್ನು ಅಂಗಡಿಯಲ್ಲೇ ವಿಚಾರಿಸುವುದು ಲೇಸು. ಸಿಟಿಜನ್ ಸಂಸ್ಥೆಯ ಪ್ರೊಮಾಸ್ಟರ್ ಸಾಲಿನ ಎನ್‌ವೈ 0040 ಮಾದರಿಯ ಮುಖದ ಮೇಲೆ "ಡೈವರ್ಸ್ 200 ಮೀಟರ್" ಎಂದಿದೆ. ಕ್ರೌನ್ ಬಲಗಡೆಯಲ್ಲಿರದೆ ಎಂಟು ಗಂಟೆಯ ಸ್ಥಾನದಲ್ಲಿರುವುದರಿಂದ ಮಣಿಕಟ್ಟಿಗೆ ಒತ್ತುವುದಿಲ್ಲ. ಸೈಕೊ ಸಂಸ್ಥೆಯ ಪ್ರಾಸ್ಪೆಕ್ಸ್ ಸಾಲಿನಲ್ಲಿ, ಆಮೆಯ ಚಿಪ್ಪಿನ ಆಕಾರದಿಂದಾಗಿ ಟರ್ಟಲ್ ಎಂದೇ ಹೆಸರಾದ ಮಾದರಿಯದೂ ಇದೇ ದರ್ಜೆ, ಬೆಲೆ ಮಾತ್ರ ಹೆಚ್ಚು. ಓರಿಯಂಟ್ ಸಂಸ್ಥೆಯ ಕಮಾಸು ಎಂಬ ಗಡಿಯಾರಕ್ಕೆ ಗೀರು ಬೀಳದ ನೀಲಮಣಿ ಗಾಜು, ತಿರುಪಿನ ಕ್ರೌನ್ ಎರಡೂ ಇವೆ. ಕೊಟ್ಟ ಹಣಕ್ಕೆ ಇದರಷ್ಟು ಸೊಗಸಾದ ಮಾಲು ವಿರಳ. ಆದರೆ ಅದು ಹೇಳಿಕೊಳ್ಳುವುದು "ವಾಟರ್ ರೆಸಿಸ್ಟ್ 200 ಮೀಟರ್" ಎಂದು ಮಾತ್ರ. ಈಜುಕೊಳಕ್ಕೂ ಮಳೆಗಾಲಕ್ಕೂ ಅದು ಧಾರಾಳವಾಗಿ ಸಾಕು. ಅದನ್ನು ಕೊಳ್ಳುವವರು ತಿಳಿದು ಕೊಳ್ಳಲಿ ಎಂಬುದಷ್ಟೇ ನನ್ನ ಕೋರಿಕೆ.

ಸೈಕೊ 5 ಸ್ಪೋರ್ಟ್ಸ್ ಹೆಸರಿನಲ್ಲಿ 2019ರಿಂದ ಬರುತ್ತಿರುವ, ಹಳೆಯ ಡೈವ್ ವಾಚಿನ ರೂಪವನ್ನೇ ಹೊತ್ತ ಗಡಿಯಾರಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ಅವು 100 ಮೀಟರಿನವು, ಕ್ರೌನ್ ತಿರುಪಿನದಲ್ಲ, ಮುಳುಗುವುದಕ್ಕೆಂದು ಮಾಡಿದವೂ ಅಲ್ಲ. ರೂಪ ಅದೇ, ವಾಗ್ದಾನ ಬೇರೆ. ಅವುಗಳಿಗೆ ಮುಂಚೆ ಇದ್ದ, 1996ರಿಂದ 2019ರವರೆಗೆ ತಯಾರಾದ ಎಸ್‌ಕೆಎಕ್ಸ್ 007 ಎಂಬ ಪ್ರಸಿದ್ಧ ಮಾದರಿ ಅಸಲಿ ಡೈವ್ ವಾಚು. ಅದು ನಿಂತುಹೋದ ಮೇಲೆ ಹಳೆ ಮಾಲಿಗೆ ಬೇಡಿಕೆ ಏರಿ, ಬೇರೆಬೇರೆ ಕಡೆಯ ಭಾಗಗಳನ್ನು ಜೋಡಿಸಿ ಮಾರುವವರು ಹುಟ್ಟಿಕೊಂಡಿದ್ದಾರೆ. ಮೇಲೆ ಹೇಳಿದ ನನ್ನ ಅನುಭವ ಸಾಕು.

ನಿಖರತೆಯ ವಿಷಯದಲ್ಲಿ ಭ್ರಮೆ ಬೇಡ. ಇವುಗಳಲ್ಲಿ ಬಳಕೆಯಲ್ಲಿರುವ ಸೈಕೊ 4ಆರ್36 ಯಂತ್ರಕ್ಕೆ ತಯಾರಕರು ಕೊಟ್ಟಿರುವ ಮಿತಿ ದಿನಕ್ಕೆ 45 ಸೆಕೆಂಡು ಮುಂದಕ್ಕೆ ಅಥವಾ 35 ಸೆಕೆಂಡು ಹಿಂದಕ್ಕೆ. ಓರಿಯಂಟಿನದು 25 ಸೆಕೆಂಡು ಮುಂದಕ್ಕೆ, 15 ಸೆಕೆಂಡು ಹಿಂದಕ್ಕೆ. ಪ್ರಾಯೋಗಿಕವಾಗಿ ಇವು ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ಎಂಟುನೂರು ರೂಪಾಯಿಯ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ ತಪ್ಪುವಷ್ಟನ್ನು ಇವು ಒಂದೆರಡು ದಿನದಲ್ಲೇ ತಪ್ಪಬಲ್ಲವು. ಬರಿಯ ಸಮಯ ಬೇಕಾದವರು, ಅಥವಾ ನಿಜವಾಗಿಯೂ ನೀರಿಗಿಳಿದು ದುಡಿಯುವವರು, ಬ್ಯಾಟರಿಯ ಗಡಿಯಾರವನ್ನೇ ಕೊಳ್ಳುವುದು ಜಾಣತನ. ಇಂದು ವೃತ್ತಿಪರರು ಮುಳುಗುವಾಗ ಆಳವನ್ನೂ ಸಮಯವನ್ನೂ ತಾನೇ ಲೆಕ್ಕ ಹಾಕುವ ಡೈವ್ ಕಂಪ್ಯೂಟರನ್ನೇ ಅವಲಂಬಿಸುತ್ತಾರೆ. ಆಟೋಮ್ಯಾಟಿಕ್ ಕೊಳ್ಳುವವನು ಯಂತ್ರದ ಮೇಲಿನ ಪ್ರೀತಿಗಾಗಿ ಕೊಳ್ಳುತ್ತಾನೆ. ಅದರಲ್ಲಿ ನಾಚಿಕೆಯೇನಿಲ್ಲ.

ಖರೀದಿ ಬೆಲೆಯೇ ಒಟ್ಟು ಬೆಲೆಯಲ್ಲ ಎಂಬುದನ್ನು ವ್ಯಾಪಾರಿಗಳಿಗೆ ನಾನು ಹೇಳಬೇಕಿಲ್ಲ. ಉದಾಹರಣೆಗೆ ಮೂವತ್ತು ಸಾವಿರದ ಗಡಿಯಾರವನ್ನು ಹದಿನೈದು ವರ್ಷ ಧರಿಸುತ್ತೀರಿ ಎನ್ನಿ. ಐದು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸುವುದಕ್ಕೆ ನಾಲ್ಕು ಸಾವಿರದಂತೆ ಎರಡು ಸಲ, ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಮುನ್ನೂರು ರೂಪಾಯಿ ಎಂದು ಹಿಡಿದರೆ ಒಟ್ಟು ನಲವತ್ತೆರಡೂವರೆ ಸಾವಿರವಾಗುತ್ತದೆ. ದಿನಕ್ಕೆ ಎಂಟು ರೂಪಾಯಿಯೊಳಗೆ. ವಾರ್ಷಿಕ ಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದು, ಏಕೆಂದರೆ ಕಾರ್ಖಾನೆಯಲ್ಲಿ ಉತ್ತೀರ್ಣವಾದ ರಬ್ಬರ್ ಉಂಗುರವೂ ಬೆವರು, ಬಿಸಿನೀರು, ಸಾಬೂನುಗಳಿಗೆ ಸಿಕ್ಕಿ ಮುಪ್ಪಾಗುತ್ತದೆ. ಸಮುದ್ರಕ್ಕಿಳಿದರೆ ಸಿಹಿನೀರಿನಲ್ಲಿ ತೊಳೆಯಬೇಕು. ಕ್ರೌನನ್ನು ತಿರುಪಿ ಬಿಗಿದಿದ್ದೇವೆಯೇ ಎಂದು ನೀರಿಗೆ ಮುಂಚೆ ನೋಡಿಕೊಳ್ಳಬೇಕು. ಅದನ್ನು ಬಿಗಿಯಲು ಮರೆತವನಿಗೆ ಯಾವ ಮಾನಕವೂ ರಕ್ಷಣೆ ಕೊಡಲಾರದು.

ಖರೀದಿಸುವಾಗ ಡಬ್ಬಿಯ ಮೇಲಿನ ಚೀಟಿಯನ್ನು ಓದುವುದು ಒಳ್ಳೆಯ ಅಭ್ಯಾಸ. ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಆಮದು ಮಾಲಿನ ಮೇಲೆ ಆಮದುದಾರನ ಹೆಸರು, ವಿಳಾಸ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಅದಿಲ್ಲದ ಡಬ್ಬಿ ಯಾವ ದಾರಿಯಿಂದ ಬಂತೆಂಬುದನ್ನು ಊಹಿಸಬಹುದು. ನಾಲ್ಕು ಸಾವಿರ ಕಡಿಮೆಗೆ ಸಿಗುವ ಅಂಥ ಮಾಲಿಗೆ ಇಲ್ಲಿನ ಅಧಿಕೃತ ಸೇವಾಕೇಂದ್ರದ ಖಾತರಿ ದೊರೆಯುವುದು ಕಷ್ಟ. ಬಿಲ್ಲಿನಲ್ಲಿ ಮಾದರಿ ಸಂಖ್ಯೆಯೂ ಗಡಿಯಾರದ ಬೆನ್ನ ಮೇಲಿನ ಕ್ರಮ ಸಂಖ್ಯೆಯೂ ನಮೂದಾಗುವಂತೆ ಕೇಳಿ ಬರೆಸಿಕೊಳ್ಳಿ.

ಪೀಣ್ಯದ ಕಕ್ಷಿದಾರರು 2014ರಲ್ಲಿ ಸಾಲ ಮಾಡಿ ಪರೀಕ್ಷಾ ಯಂತ್ರವನ್ನು ಕೊಂಡರು, ಈ ಸಲ ನನ್ನನ್ನು ಕೇಳದೆಯೇ. ಆಸ್ತಿಪಟ್ಟಿಯಲ್ಲಿ ಅದರ ಮೌಲ್ಯ ವರ್ಷದಿಂದ ವರ್ಷಕ್ಕೆ ಸವೆದು ಈಗ ಕೆಲವೇ ಸಾವಿರಗಳಿಗೆ ಇಳಿದಿದೆ. ಯಂತ್ರ ಮಾತ್ರ ದಿನವೂ ಓಡುತ್ತಿದೆ. ಮನೆಗೆ ಹೋದ ಒಂಬತ್ತು ಮಂದಿಯಲ್ಲಿ ನಾಲ್ವರು ಹಿಂದಿರುಗಿ ಬಂದರು, ಉಳಿದವರು ಬೇರೆ ದಾರಿ ಹಿಡಿದರು.

ಇಷ್ಟನ್ನು ಬರೆದು ಮುಗಿಸುವ ಹೊತ್ತಿಗೆ ಸಗಟು ವ್ಯಾಪಾರಿ ಮಿತ್ರರಿಂದ ದೂರವಾಣಿ ಬಂತು. ಮಗನೊಂದಿಗೆ ಅಂಗಡಿಯಲ್ಲೇ ನಿಂತಿದ್ದರು. "ಡೈವರ್ಸ್ ಎಂದಿರುವುದನ್ನೇ ಆರಿಸಿದ್ದೇವೆ. ಬಿಲ್ಲನ್ನು ನಮ್ಮ ಫರ್ಮಿನ ಹೆಸರಿಗೆ ಹಾಕಿಸಲೇ? ಶೇ. 18 ಜಿಎಸ್‌ಟಿ ಹಿಂದಕ್ಕೆ ಪಡೆಯಬಹುದಲ್ಲ?" ಎಂದು ಮೆಲ್ಲಗೆ ಕೇಳಿದರು. ಸ್ವಂತ ಬಳಕೆಯ ವಸ್ತುವಿನ ಮೇಲೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲವೆಂದು ಕಾಯಿದೆಯ 17(5)ನೇ ಕಲಮು ಹೇಳುತ್ತದೆ, ಉಡುಗೊರೆಯಾಗಿ ಕೊಟ್ಟರೂ ಸಿಗುವುದಿಲ್ಲ ಎಂದು ವಿವರಿಸಿದೆ. ದೀಪಾವಳಿಗೆ ವಿತರಕರಿಗೆ ಗಡಿಯಾರ ಹಂಚುವ ವಾಡಿಕೆ ಇರುವ ಸದಸ್ಯರೂ ಇದನ್ನು ಗಮನಿಸುವುದು ಒಳಿತು. ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಅವರು ಅಂಗಡಿಯವನಿಗೆ ಹೇಳುತ್ತಿದ್ದುದು ಕೇಳಿಸಿತು: "ಮಗನ ಹೆಸರಿಗೇ ಬರೆಯಪ್ಪ. ಸೀರಿಯಲ್ ನಂಬರ್ ಬಿಡಬೇಡ."